ನೋಡಿ ಹೇಳ್ತೀನಿ ಅನ್ನುವ ಗಿರಾಕಿ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುವುದು ಅವನ ಕೆಲಸ. ಅಂಗಡಿಯ ಮುಂಭಾಗದಲ್ಲಿ ಕನ್ನಡಿ, ದೀಪ, ನಗುಮುಖ ಎಲ್ಲವೂ ಇದ್ದವು. ಅವನ ಪಾಲಿಗೆ ಬಂದದ್ದು ಒಂದು ಉಜ್ಜುವ ಯಂತ್ರ, ಅದರ ಮೇಲೆ ತೊಟ್ಟಿಕ್ಕುವ ನೀರು, ಯಾರ ಯಾರದೋ ಕಣ್ಣಿನ ಅಳತೆ ಬರೆದ ಚೀಟಿಗಳು. ಊರಿನ ಅರ್ಧ ಜನ ಅವನು ಉಜ್ಜಿದ ಗಾಜಿನಿಂದಲೇ ಲೋಕ ನೋಡುತ್ತಿದ್ದರು, ಅವನನ್ನು ಮಾತ್ರ ಯಾರೂ ನೋಡಿರಲಿಲ್ಲ. ಒಂದು ಕಣ್ಣಿಗೆ ಸದಾ ದಪ್ಪನೆಯ ಸಣ್ಣ ಗಾಜೊಂದನ್ನು ಸಿಕ್ಕಿಸಿಕೊಂಡು, ಕೂದಲೆಳೆಯಷ್ಟು ಗೀರಿದ್ದರೂ ಹಿಡಿಯುತ್ತಿದ್ದ. ಅದಕ್ಕೇ ಕೌಂಟರಿನ ಹುಡುಗಿ ಅವನಿಗೆ ಭೂತಗನ್ನಡಿ ಅಂತ ಹೆಸರಿಟ್ಟಿದ್ದಳು. ಎದುರಿಗೆ ಮಾತ್ರ ಅಣ್ಣಾ ಅನ್ನುತ್ತಿದ್ದಳು.

ಭೂತಗನ್ನಡಿಗೆ ಐವತ್ತು ದಾಟಿತ್ತು. ಮದುವೆ ಅನ್ನುವುದು ಒಂದೆರಡು ಸಲ ಅವನ ಸುತ್ತಮುತ್ತ ಸುಳಿದಾಡಿ ಬೇರೆಯವರ ಮನೆಗೆ ಹೋಗಿತ್ತು. ತಾಯಿ ಇರುವ ತನಕ ಬೈಯುವುದಕ್ಕಾದರೂ ಒಬ್ಬರಿದ್ದರು. ಅವರು ಹೋದ ಮೇಲೆ ಆ ಎರಡು ಕೋಣೆಯ ಮನೆಯಲ್ಲಿ ಸದ್ದು ಮಾಡುವುದು ಅಂತ ಉಳಿದದ್ದು ಕುಕ್ಕರ್ ಒಂದೇ. ಬೇರೆ ಊರಿನಲ್ಲಿದ್ದ ಅಣ್ಣ ಯಾವಾಗಲಾದರೊಮ್ಮೆ ಫೋನು ಮಾಡಿ "ಏನ್ ಸಮಾಚಾರ?" ಅನ್ನುತ್ತಿದ್ದ. ಇವನು "ಏನಿಲ್ಲ" ಅನ್ನುತ್ತಿದ್ದ. "ಸರಿ ಹಾಗಾದ್ರೆ, ಅತ್ತಿಗೆ ಕೇಳಿದ್ಲು ಅಂತ ತಿಳ್ಕೋ" ಅನ್ನುವಲ್ಲಿಗೆ ಒಡಹುಟ್ಟಿದವರ ಮಾತು ಮುಗಿಯುತ್ತಿತ್ತು. ಶನಿವಾರ ಸಂಜೆ ಅಂಗಡಿ ಬಿಟ್ಟು ಬಂದರೆ ಸೋಮವಾರ ಬೆಳಗ್ಗೆಯವರೆಗೆ ಅವನು ಬಾಯಿ ಬಿಡುವ ಪ್ರಸಂಗವೇ ಬರುತ್ತಿರಲಿಲ್ಲ. ಸೋಮವಾರ ಮಾಲೀಕರಿಗೆ ನಮಸ್ಕಾರ ಹೇಳಲು ಹೋದರೆ ಗಂಟಲಿಂದ ಬೇರೆ ಯಾರದೋ ದನಿ ಬರುತ್ತಿತ್ತು. ಶೀತವೇ ಅಂತ ಮಾಲೀಕರು ಕೇಳಿದರೆ ಹೌದು ಅನ್ನುತ್ತಿದ್ದ.

ಹೀಗಿರುವಾಗ ಅವನ ಫೋನು ಕೈಕೊಟ್ಟಿತು. ಪರದೆಯ ನಡುವೆ ಹಸಿರು ಗೆರೆಯೊಂದು ಮೂಡಿ, ಅದರ ಬಲಗಡೆ ಬೆರಳಿಟ್ಟರೆ ಯಾವುದೂ ಅಲುಗುತ್ತಿರಲಿಲ್ಲ. ಹೊಸದು ಕೊಳ್ಳುವ ಮನಸ್ಸಿಲ್ಲ. ಯಾರು ಫೋನು ಮಾಡುತ್ತಾರೆಂದು ಹೊಸದು? ಹಳೆಯದನ್ನು ಮಾರುವವರು ಆ್ಯಪಿನಲ್ಲಿ ಸಿಗುತ್ತಾರಂತೆ ಅಂದದ್ದೇ ತಡ, ಕೌಂಟರಿನ ಹುಡುಗಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಹಿಂದೊಮ್ಮೆ ಅವಳು ಹಾಗೇ ಮುಂಗಡ ಕಳಿಸಿ, ಹಾದಿ ಕಾದು, ಡಬ್ಬ ಬಿಚ್ಚಿದರೆ ಒಳಗೆ ಬಟ್ಟೆ ಸೋಪು ಇತ್ತು.

"ಅದೂ ಅರ್ಧ ಸವೆದಿರೋ ಸೋಪು ಅಣ್ಣಾ," ಅಂದಳು. ಆ ಅರ್ಧ ಸವೆದದ್ದೇ ಅವಳಿಗೆ ಹೆಚ್ಚು ಉರಿದಿತ್ತು. "ನೀವು ಹಂಗೆಲ್ಲ ಟೋಪಿ ಹಾಕಿಸ್ಕೋಬೇಡಿ. ಹಗಲು ಹೊತ್ತಲ್ಲಿ ನಾಲ್ಕು ಜನ ಓಡಾಡೋ ಕಡೆ ಕರೆಸ್ಕೊಳ್ಳಿ. ಡಬ್ಬದ ಮೇಲಿನ ನಂಬರೂ ಫೋನಲ್ಲಿರೋ ನಂಬರೂ ಒಂದೇನಾ ನೋಡಿ. ಬಿಲ್ ಕೇಳಿ. ಒಂದು ಫೋನ್ ಮಾಡಿ ನೋಡಿ, ಫೋಟೋ ತೆಗೆದು ನೋಡಿ. ಎಲ್ಲಾದಕ್ಕಿಂತ ಮುಖ್ಯ, ಮಾರೋರು ತಮ್ಮ ಅಕೌಂಟ್ ತೆಗೀಬೇಕು. ಅದು ಒಳಗೇ ಉಳಿದ್ರೆ ಒಂದಿನ ಬೀಗ ಬೀಳತ್ತೆ, ಅವರು ಬಂದು ಪಾಸ್‌ವರ್ಡ್ ಹೊಡೀದೆ ತೆಗೆಯಲ್ಲ. ಆಮೇಲೆ ಆ ಫೋನು ತಗೊಂಡು ಕಾಗದ ಹಾರದ ಹಾಗೆ ಮೇಲಿಡಬಹುದು, ಅಷ್ಟೇ. ಮತ್ತೆ ಯಾಕೆ ಮಾರ್ತಿದೀರಿ ಅಂತ ತಪ್ಪದೆ ಕೇಳಿ. ಸುಳ್ಳು ಹೇಳೋರು ಅಲ್ಲೇ ತಡವರಿಸ್ತಾರೆ."

ಪರೀಕ್ಷೆ ಮಾಡು ಅಂತ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಆ ಕೊನೆಯ ಮಾತು ಅವನ ತಲೆಯಲ್ಲಿ ಕೂತಿತು.

ಮೊದಲು ಬಂದವರು ಕಾರು ಓಡಿಸಲು ಕಲಿಸುವ ಮೇಷ್ಟರು. ಭಾನುವಾರ ಬೆಳಗ್ಗೆ ಗ್ರಂಥಾಲಯದ ಮುಂದಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು. ಭೂತಗನ್ನಡಿ ಗಾಜನ್ನು ಕಣ್ಣಿಗೆ ಸಿಕ್ಕಿಸಿಕೊಂಡ. ಪರದೆಯನ್ನು ಬೆಳ್ಳಗೆ ಮಾಡಿ ಬಿಸಿಲಿಗೆ ಓರೆಯಾಗಿ ಹಿಡಿದ, ಅಂಚುಗಳನ್ನು ಉಗುರಿನಿಂದ ಸವರಿದ, ಆ ಫೋನಿನಿಂದ ತನ್ನ ಜೇಬಿನ ಫೋನಿಗೇ ಕರೆ ಮಾಡಿ ಎರಡು ಕಿವಿಗೂ ಒಂದೊಂದು ಹಿಡಿದು ಹಲೋ ಅಂದ. ಮೇಷ್ಟರಿಗೆ ನಗು ತಡೆಯಲಾಗಲಿಲ್ಲ. ಯಾಕೆ ಮಾರುತ್ತಿದ್ದೀರಿ ಅಂದದ್ದಕ್ಕೆ ಅವರು ಶುರು ಮಾಡಿದವರು ನಿಲ್ಲಲೇ ಇಲ್ಲ. ಬ್ರೇಕು ಒತ್ತು ಅಂದರೆ ಕಣ್ಣು ಮುಚ್ಚಿಕೊಳ್ಳುವ ಶಿಷ್ಯೆಯ ಕತೆ, ಹಿಂದಕ್ಕೆ ತೆಗೆಯುತ್ತೇನೆ ಅಂತ ಹೊರಟು ಹೂವಿನಂಗಡಿಯೊಳಗೆ ನಿಂತ ಗುಮಾಸ್ತನ ಕತೆ, ಮನೆಯಲ್ಲಿ ಹೆಂಡತಿಗೆ ಮಾತ್ರ ಕಲಿಸಲು ಧೈರ್ಯ ಬಾರದ ತಮ್ಮದೇ ಕತೆ. ಬಿಸಿಲು ಬೆಂಚಿನ ಈ ತುದಿಯಿಂದ ಆ ತುದಿಗೆ ಹೋಯಿತು. ಪರದೆಯ ಮೂಲೆಯಲ್ಲಿ ಮಬ್ಬಾದ ಕಲೆಯೊಂದು ಸಿಕ್ಕಿತ್ತು. ಅಷ್ಟು ದೊಡ್ಡ ಕಲೆಯೇನಲ್ಲ. "ನೋಡಿ ಹೇಳ್ತೀನಿ" ಅಂದು ಭೂತಗನ್ನಡಿ ಎದ್ದ.

ಮಾರನೆಯ ದಿನ ಮಾಲೀಕರಿಗೆ ಹೇಳಿದ ನಮಸ್ಕಾರ ಅವನದೇ ದನಿಯಲ್ಲಿ ಬಂತು. ಆಗ ಅವನಿಗೆ ವಿಷಯ ಹೊಳೆಯಿತು. ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ, ಇದನ್ನು ಯಾಕೆ ಬಿಡುತ್ತಿದ್ದೀರಿ, ಎಷ್ಟು ದಿನದಿಂದ ನಿಮ್ಮ ಜೊತೆ ಇತ್ತು, ಬೇಜಾರಾಗುವುದಿಲ್ಲವೇ ಅಂತ ಕೇಳಿದರೆ ಹುಚ್ಚ ಅನ್ನುತ್ತಾರೆ. ಫೋನು ಕೊಳ್ಳಲು ಬಂದವನು ಕೇಳಿದರೆ ಹುಷಾರಿ ಅನ್ನುತ್ತಾರೆ, ಕೂತು ಉತ್ತರವನ್ನೂ ಕೊಡುತ್ತಾರೆ. ಇಂಥ ಅನುಕೂಲ ಲೋಕದಲ್ಲಿ ಇನ್ನೆಲ್ಲಿದೆ?

ಆಮೇಲಿನ ಭಾನುವಾರಗಳನ್ನು ಏನು ಹೇಳಲಿ. ಶನಿವಾರ ರಾತ್ರಿಯೇ ಅಂಗಿ ಇಸ್ತ್ರಿಯಾಗುತ್ತಿತ್ತು. ಫ್ಲಾಸ್ಕಿನಲ್ಲಿ ಚಹಾ, ಎರಡು ಲೋಟ. ಬೇಕರಿ ನಡೆಸುವ ಹೆಂಗಸೊಬ್ಬಳು ಅಂಗಡಿಗೆ ಬಾಗಿಲು ಹಾಕಿ ಬಂದು ಬಹಳ ಹೊತ್ತು ಕೂತಿದ್ದಳು. ಒಲೆಯ ಮುಂದೆ ನಿಂತು ನಿಂತು ತನಗೆ ಹುಬ್ಬೇ ಉಳಿದಿಲ್ಲ ಅಂತ ತೋರಿಸಿದಾಗ ಅವನು ಬಿದ್ದು ಬಿದ್ದು ನಕ್ಕಿದ್ದ. ಅಷ್ಟು ನಕ್ಕದ್ದು ತಾಯಿ ಹೋದ ಮೇಲೆ ಅದೇ ಮೊದಲು. ಆ ನಗುವನ್ನು ವಾರಗಟ್ಟಲೆ ನೆನೆಸಿಕೊಂಡು ಗಾಜು ಉಜ್ಜಿದ. ಅವಳ ಫೋನಿನಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ಹಾಗಂತ ಕೊಂಡುಬಿಟ್ಟರೆ ಮುಂದಿನ ಭಾನುವಾರದ ಗತಿಯೇನು? ಚಾರ್ಜು ಹಾಕುವ ಕಡೆ ಸ್ವಲ್ಪ ಸಡಿಲ ಇದ್ದ ಹಾಗಿದೆ ಅಂತ ರಾಗ ಎಳೆದು, ನೋಡಿ ಹೇಳ್ತೀನಿ ಅಂದ. ಆ ಹಸಿರು ಗೆರೆಯ ಫೋನನ್ನೇ ಎಡಗಡೆಯಿಂದ ಒತ್ತಿ ಒತ್ತಿ, ಮುಂದಿನವರನ್ನು ಬರಹೇಳಿದ.

ತಾನು ಮಾಡುತ್ತಿರುವುದು ಅವರ ಹೊತ್ತಿಗೆ ಕನ್ನ ಹಾಕುವ ಕೆಲಸ ಅಂತ ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕಣ್ಣಿಗೆ ಸಿಕ್ಕಿಸಿದ ಗಾಜು ಪಕ್ಕದಲ್ಲಿ ಕೂತವರ ಮುಖ ತೋರಿಸುವುದಿಲ್ಲ, ಅದೇ ಅವನಿಗೆ ಅನುಕೂಲವಾಗಿತ್ತು.

ಒಂದು ಭಾನುವಾರ ಫೋನು ಹಿಡಿದು ಬಂದವರು ಹಳೆಯ ಡ್ರೈವಿಂಗ್ ಮೇಷ್ಟರೇ. ಈ ಸಲ ಹೆಂಡತಿಯ ಫೋನು, ಆ್ಯಪಿನಲ್ಲಿ ಹಾಕಿ ಮಾತಾಡಿದ್ದೂ ಹೆಂಡತಿಯೇ, ಹಾಗಾಗಿ ಎದುರಾಗುವ ತನಕ ಇಬ್ಬರಿಗೂ ತಿಳಿದಿರಲಿಲ್ಲ. ಬೆಂಚು, ಫ್ಲಾಸ್ಕು, ಎರಡು ಲೋಟ, ಗಾಜು ಎಲ್ಲವನ್ನೂ ಒಂದು ಸಲ ನೋಡಿದರು. "ಇನ್ನೂ ಫೋನ್ ಸಿಕ್ಕಿಲ್ವಾ ನಿಮಗೆ?" ಅಂದರು. ಅವನು ಚಹಾ ಬಗ್ಗಿಸಲು ಹೋದ. ಅವರು ಬೇಡ ಅನ್ನಲೂ ಇಲ್ಲ, ಬಂದ ದಾರಿಯಲ್ಲೇ ತಿರುಗಿ ಹೋದರು.

ಆ ವಾರ ಮಧ್ಯಾಹ್ನ ಊಟದ ಹೊತ್ತಿಗೆ ಕೌಂಟರಿನ ಹುಡುಗಿ ತನ್ನ ಫೋನು ಹಿಡಿದು ಹಿಂದಿನ ಕೋಣೆಗೆ ಬಂದಳು. ಮುಖದ ತುಂಬ ನಗು.

"ಅಣ್ಣಾ, ಆ ಮಾರೋ ಆ್ಯಪಲ್ಲಿ ಒಂದು ಬಂದಿದೆ, ನನ್ನ ಸೋಪಿಗಿಂತ ಮಜಾ ಇದೆ, ಕೇಳಿ. ‘ಮಾರುವವರ ಗಮನಕ್ಕೆ. ಗ್ರಂಥಾಲಯದ ಮುಂದೆ ಕರೆಸಿಕೊಳ್ಳುವ ಒಬ್ಬ ಗಿರಾಕಿ ಇದ್ದಾನೆ. ಕಳ್ಳನಲ್ಲ, ಕೊರೆಯುವವನು. ಚಹಾ ಕೊಟ್ಟು ಕೊರೆಯುತ್ತಾನೆ. ಯಾವತ್ತೂ ಕೊಳ್ಳುವುದಿಲ್ಲ. ಗುರುತು ಏನೆಂದರೆ ಒಂದು ಕಣ್ಣಿಗೆ ಗಾಜು ಸಿಕ್ಕಿಸಿ...’"

ಅಲ್ಲಿಗೆ ಅವಳ ದನಿ ನಿಂತಿತು. ಅವನು ಊಟದ ಡಬ್ಬಿ ಬಿಚ್ಚಿ ಕೂತಿದ್ದ. ಗಾಜು ಇನ್ನೂ ಕಣ್ಣಿನಲ್ಲೇ ಇತ್ತು.

"ಓದು," ಅಂದ.

"ಅಷ್ಟೇ ಅಣ್ಣಾ. ಯಾರೋ ಕೆಲಸ ಇಲ್ದೋರು ಬರೆದಿದಾರೆ."

ಅವನು ಕೈ ಚಾಚಿ ಫೋನು ಇಸಿದುಕೊಂಡ. ಕೆಳಗೆ ಉದ್ದಕ್ಕೂ ಜನ ಬರೆದಿದ್ದರು. ನನಗೂ ಹೀಗೇ ಆಯಿತು, ನನ್ನನ್ನೂ ಕರೆಸಿದ್ದ. ಆ ಬೈಗುಳವನ್ನೆಲ್ಲ ಅವನು ನುಂಗಿಕೊಂಡಾನು. ಬೇಕರಿಯವಳು ಬೈದಿರಲಿಲ್ಲ. ‘ಪಾಪ ಅನ್ನಿಸಿತು, ಅದಕ್ಕೇ ಎದ್ದು ಬರಲಿಲ್ಲ’ ಅಂತ ಬರೆದಿದ್ದಳು.

ಆ ಒಂದು ಸಾಲು ಎದೆಗೆ ನಾಟಿತು. ಬಿದ್ದು ಬಿದ್ದು ನಕ್ಕಿದ್ದೆನಲ್ಲ ಅಂದುಕೊಂಡ. ಅವಳೂ ನಕ್ಕಿದ್ದಳು. ಅದು ಪಾಪ ಅನ್ನಿಸಿದವರ ನಗುವೇ? ಹುಡುಗಿಗೆ ಫೋನು ಹಿಂದಿರುಗಿಸಿ, ಡಬ್ಬಿಗೆ ಮುಚ್ಚಳ ಹಾಕಿ, ಯಂತ್ರ ಶುರು ಮಾಡಿದ. ಅವತ್ತಿನಿಂದ ಹುಡುಗಿ ಅವನೊಡನೆ ಮೆತ್ತಗೆ ಮಾತಾಡತೊಡಗಿದಳು. ಮೊದಲಿನ ಹಾಗೆ ಗೇಲಿ ಮಾಡಿದ್ದರೆ ಬದುಕಿಕೊಳ್ಳುತ್ತಿದ್ದ.

ಆಮೇಲೆ ಯಾರಿಗೆ ಬರೆದರೂ ಉತ್ತರವಿಲ್ಲ. ಬೆಂಚಿನ ಜಾಗ ಬದಲಾಯಿಸಿ ಬರೆಯಬಹುದಿತ್ತು, ಆದರೆ ಆ್ಯಪಿನಲ್ಲಿ ಅವನ ಗುರುತು ಅಂಟಿಕೊಂಡೇ ಬರುತ್ತಿತ್ತು. ಭಾನುವಾರಗಳು ಮೊದಲಿಗಿಂತ ಉದ್ದವಾದವು. ಮೊದಲಾದರೆ ಒಂಟಿ ಅಷ್ಟೇ, ಈಗ ಒಂಟಿ ಅಂತ ನಾಲ್ಕು ಜನಕ್ಕೆ ಗೊತ್ತಾದವನು. ಸೋಮವಾರದ ಶೀತ ಮತ್ತೆ ಬಂತು.

ಎಲ್ಲ ಕೈಬಿಟ್ಟ ಮೇಲೆ ಒಬ್ಬರು ಬರೆದರು. ‘ಭಾನುವಾರ ಹತ್ತಕ್ಕೆ ಗ್ರಂಥಾಲಯದ ಮುಂದೆ ಬರುತ್ತೇನೆ’ ಅಂತ ಒಂದೇ ಸಾಲು. ಅವನು ಅದನ್ನು ಎಷ್ಟು ಸಲ ಓದಿದನೋ. ಈ ಸಲ ನೋಡಿ ಹೇಳ್ತೀನಿ ಅಂದರೆ ಮುಗಿಯಿತು, ಇನ್ನು ಈ ಜನ್ಮದಲ್ಲಿ ಯಾರೂ ಬಂದು ಪಕ್ಕದಲ್ಲಿ ಕೂರುವುದಿಲ್ಲ. ಕೊಂಡುಬಿಟ್ಟರೂ ಕತೆ ಅಲ್ಲಿಗೇ ಮುಗಿಯಿತು. ಯಾವ ಕಡೆಯಿಂದ ಲೆಕ್ಕ ಹಾಕಿದರೂ ಉಳಿದಿದ್ದದ್ದು ಒಂದು ಬೆಳಗು ಮಾತ್ರ.

ಬಂದವಳು ಅವನ ವಯಸ್ಸಿನ ಆಸುಪಾಸಿನ ಹೆಂಗಸು. ಬೂದುಬಣ್ಣದ ಕೈಚೀಲ, ಕುತ್ತಿಗೆಗೆ ಸುತ್ತಿದ ಉಣ್ಣೆಯ ಪಟ್ಟಿ. ಬೆಂಚಿನ ತುದಿಯಲ್ಲಿ ಕೂತು ಡಬ್ಬ, ಬಿಲ್ಲು, ಚಾರ್ಜರು, ಫೋನು ನಾಲ್ಕನ್ನೂ ಸಾಲಾಗಿಟ್ಟಳು. ಅವನು ಬಾಯಿ ತೆರೆಯುವ ಮೊದಲೇ ಶುರು ಮಾಡಿದಳು.

"ಕೊಂಡು ಎರಡು ವರ್ಷ. ಒಂದು ಸಲ ಬಿದ್ದಿದೆ, ಎಡ ಮೂಲೆ ನೋಡಿ. ನೀರಿಗೆ ಬಿದ್ದಿಲ್ಲ. ರಿಪೇರಿ ಆಗಿಲ್ಲ. ಸಂಜೆ ಹೊತ್ತಿಗೆ ಒಂದ್ಸಲ ಚಾರ್ಜ್ ಹಾಕಬೇಕು. ಆಫೀಸಿಂದ ಹೊಸದು ಕೊಟ್ಟರು, ಅದಕ್ಕೆ ಮಾರ್ತಿದೀನಿ."

ಕೇಳಬೇಕೆಂದಿದ್ದ ಪ್ರಶ್ನೆಗಳೆಲ್ಲ ಒಂದೇ ಉಸಿರಿನಲ್ಲಿ ಖರ್ಚಾದವು. ಅವನು ಪೆಚ್ಚಾಗಿ ನೋಡಿದ. ಮಾತಿಗಿಂತ ಆ ದನಿ ಅವನನ್ನು ಹಿಡಿದು ನಿಲ್ಲಿಸಿತ್ತು. ಕಲ್ಲಿನ ಮೇಲೆ ಕಲ್ಲಿಟ್ಟ ಹಾಗೆ ಒಂದೊಂದೇ ಮಾತು.

"ಬಸ್ ನಿಲ್ದಾಣದಲ್ಲಿ ಯಾವ ಬಸ್ ಎಲ್ಲಿ ನಿಲ್ಲತ್ತೆ ಅಂತ ಮೈಕಲ್ಲಿ ಹೇಳೋರು ನೀವೇ ಅಲ್ವಾ?"

"ಹೂಂ."

"ದಿನಾ ಕೇಳ್ತೀನಿ. ಸಂಜೆ ಅಲ್ಲೇ ಬಸ್ ಬದಲಾಯಿಸ್ತೀನಿ."

"ಎಲ್ಲರೂ ಕೇಳ್ತಾರೆ," ಅಂದಳು. ಹೆಮ್ಮೆಯೂ ಇರಲಿಲ್ಲ, ಬೇಸರವೂ ಇರಲಿಲ್ಲ. ಫೋನನ್ನು ಅವನ ಕಡೆ ಸರಿಸಿ, "ಭಾನುವಾರ ನಾನು ಮಾತು ಕಡಿಮೆ. ಗಂಟಲಿಗೆ ರಜ. ನೀವು ನೋಡಿ," ಅಂದಳು.

ಅವನು ಗಾಜು ಸಿಕ್ಕಿಸಿಕೊಂಡು ನೋಡತೊಡಗಿದ. ಒಂದು ತೊಂದರೆ ಸಿಗಲಿ ಅಂತ ಆಸೆಯಿಂದ ನೋಡಿದ. ಎಡ ಮೂಲೆಯಲ್ಲಿ ಹೇಳಿದಷ್ಟೇ ತಗ್ಗು. ನಂಬರಿಗೆ ನಂಬರು ಕೂಡಿತು. ಪರದೆ ನೀಟಾಗಿತ್ತು. ಅವಳು ಕೈಕಟ್ಟಿ ಕೂತು ಗ್ರಂಥಾಲಯದ ಮೆಟ್ಟಿಲು ನೋಡುತ್ತಿದ್ದಳು. ಚಹಾ ಕೊಟ್ಟರೆ ತೆಗೆದುಕೊಂಡಳು.

"ಎಲ್ಲರೂ ಬರೆದಿರೋ ಗಿರಾಕಿ ನೀವೇ ತಾನೆ?" ಅಂತ ಲೋಟ ಕೆಳಗಿಡುತ್ತ ಕೇಳಿದಳು.

ಅವನು ಕಣ್ಣಿನ ಗಾಜು ತೆಗೆದ. "ಹೌದು. ಓದಿಯೂ ಬಂದ್ರಾ?"

"ಕಳ್ಳ ಅಲ್ಲ ಅಂತ ಬರೆದಿತ್ತು. ನನಗೆ ಅಷ್ಟು ಸಾಕಾಗಿತ್ತು. ಕೊಳ್ಳದಿದ್ರೆ ವಾಪಸ್ ತಗೊಂಡು ಹೋಗ್ತೀನಿ."

ಅವಳ ಮುಖದಲ್ಲಿ ಆ ಪಾಪ ಅನ್ನುವುದನ್ನು ಹುಡುಕಿದ. ಸಿಗಲಿಲ್ಲ. "ಕೊಳ್ತೀನಿ," ಅಂದುಬಿಟ್ಟ. ಅಂದ ಮೇಲೆ ಅವನಿಗೇ ಗಾಬರಿಯಾಯಿತು.

ಅವಳು ಫೋನು ತೆಗೆದುಕೊಂಡು ತನ್ನ ಅಕೌಂಟ್ ತೆಗೆಯಲು ಹೊರಟಳು. ಆಗ ಭೂತಗನ್ನಡಿ ಏನು ಮಾಡಿದ ಗೊತ್ತೇ? ಇಷ್ಟು ದಿನ ಊರಿನ ಫೋನುಗಳನ್ನೆಲ್ಲ ಜರಡಿ ಹಿಡಿದವನು, ಹುಡುಗಿಯ ಪಾಠವನ್ನು ಬಾಯಿಪಾಠ ಮಾಡಿಕೊಂಡವನು, ಕೈ ಅಡ್ಡ ಹಿಡಿದು "ಇರಲಿ ಬಿಡಿ, ಪರವಾಗಿಲ್ಲ" ಅಂದ.

ಅವಳು ತಲೆಯೆತ್ತಿದಳು. "ಇಷ್ಟು ನೋಡಿದೋರು ಇದನ್ನ ಬಿಡ್ತೀರಾ? ಒಂದಿನ ಬೀಗ ಬಿದ್ರೆ ನನ್ನನ್ನ ಹುಡುಕಿಕೊಂಡು ಬರಬೇಕಾಗತ್ತೆ."

"ಬರ್ತೀನಿ," ಅಂದ.

ಅವಳು ಅವನನ್ನು ನೋಡಿದಳು. ಅವನು ಗಾಜು ತೆಗೆದಿದ್ದ, ಹಾಗಾಗಿ ಮುಖ ಅಡಗಿಸಲು ಏನೂ ಇರಲಿಲ್ಲ. ಅವಳಿಗೆ ಅರ್ಥವಾಯಿತು ಅಂತ ಅವನಿಗೂ ಅರ್ಥವಾಯಿತು. ಅವಳು ಮತ್ತೆ ಫೋನಿನ ಮೇಲೆ ಬಗ್ಗಿ, ನಿಧಾನವಾಗಿ ಪಾಸ್‌ವರ್ಡ್ ಒತ್ತಿ, ಅಕೌಂಟ್ ತೆಗೆದು, ಎಲ್ಲ ಅಳಿಸಿ, ಹೊಸದರ ಹಾಗೆ ಖಾಲಿ ಮಾಡಿ ಅವನ ಕೈಗಿಟ್ಟಳು.

"ನಿಮಗೆ ತೊಂದರೆ ಆಗೋದು ಬೇಡ," ಅಂದಳು. ಹಣ ತೆಗೆದುಕೊಂಡು, ಚಹಾಕ್ಕೆ ತಲೆಯಾಡಿಸಿ, ಮೆಟ್ಟಿಲ ಪಕ್ಕದ ದಾರಿ ಹಿಡಿದು ಹೋದಳು.

ಅಪ್ಪಟ ವ್ಯಾಪಾರ. ಎಲ್ಲೂ ಒಂದು ಎಳೆ ಉಳಿಯಲಿಲ್ಲ. ಸಂಜೆ ಆ್ಯಪಿನಲ್ಲಿ ಅವಳ ಸಾಲು ಕಂಡಿತು. ‘ಕೊಂಡರು. ಯಾವ ತೊಂದರೆಯೂ ಆಗಲಿಲ್ಲ.’ ಅದನ್ನು ನೋಡಿಯೋ ಏನೋ, ಮುಂದಿನ ದಿನಗಳಲ್ಲಿ ಹಿಂದೆ ಉತ್ತರ ಕೊಡದಿದ್ದ ಒಂದಿಬ್ಬರು ‘ಫೋನು ಇನ್ನೂ ಇದೆ, ಬರಲೇ?’ ಅಂತ ಬರೆದರು. ಅವನು ಬೇಡ ಅಂತ ಬರೆದ. ಬಂದವರು ಪಾಪ ಅಂದುಕೊಂಡು ಕೂತಿರುವುದನ್ನು ಇನ್ನು ನೋಡಲಾರದವನಾಗಿದ್ದ. ಅವಳ ಫೋನು ಮಾತ್ರ ಗಡಿಯಾರದ ಹಾಗೆ ನಡೆಯಿತು. ಬಿಸಿಯಾಗಲಿಲ್ಲ, ನಿಲ್ಲಲಿಲ್ಲ. ಬೆಳಗ್ಗೆ ಎದ್ದು ಇವತ್ತಾದರೂ ಕೆಟ್ಟಿದೆಯೇ ಅಂತ ನೋಡುವನು. ಅಣ್ಣ ಫೋನು ಮಾಡಿದಾಗ ಏನಿಲ್ಲ ಅನ್ನುವುದು ಕೂಡ ಎಷ್ಟು ಸ್ಪಷ್ಟವಾಗಿ ಕೇಳಿಸಿತೆಂದರೆ, "ಏನೋ ದನಿ ಪಕ್ಕದಲ್ಲೇ ಇದ್ದಂಗಿದೆಯಲ್ಲೋ" ಅಂದ ಅಣ್ಣ.

ದಿನಾ ಸಂಜೆ ಬಸ್ ನಿಲ್ದಾಣದಲ್ಲಿ ಅವಳ ದನಿ ಕೇಳುತ್ತಿತ್ತು. ಎಲ್ಲರೂ ಕೇಳುತ್ತಿದ್ದರು, ಯಾರೂ ತಲೆಯೆತ್ತುತ್ತಿರಲಿಲ್ಲ. ಅವನ ಬಸ್ಸು ಬರುತ್ತಿತ್ತು, ಅವನು ಹತ್ತಿ ಹೋಗುತ್ತಿದ್ದ. ಒಂದು ಶನಿವಾರ ಬಸ್ಸು ಬಂದರೂ ಹತ್ತಲಿಲ್ಲ. ಜನರನ್ನು ಸರಿಸಿಕೊಂಡು ಮೂಲೆಯಲ್ಲಿದ್ದ ಗಾಜಿನ ಗೂಡಿನ ಮುಂದೆ ಹೋಗಿ ನಿಂತ. ಒಳಗೆ ಅವಳು ಮೈಕಿನ ಮುಂದೆ ಕೂತಿದ್ದಳು. ಅವನನ್ನು ಕಂಡು ಗುಂಡಿ ಒತ್ತಿ ಮೈಕು ಆರಿಸಿ, ಸಣ್ಣ ಕಿಟಕಿ ಸರಿಸಿದಳು.

"ಫೋನಿಗೇನಾದ್ರೂ ಆಯ್ತಾ?"

ಆಯಿತು ಅನ್ನಬಹುದಿತ್ತು. ಚಾರ್ಜು ನಿಲ್ಲುತ್ತಿಲ್ಲ, ದನಿ ಕೇಳುತ್ತಿಲ್ಲ, ಹೇಳಲು ಸಾವಿರ ಇದ್ದವು. ದಾರಿಯುದ್ದಕ್ಕೂ ಒಂದನ್ನು ಆರಿಸಿಟ್ಟುಕೊಂಡೇ ಬಂದಿದ್ದ.

"ಇಲ್ಲ," ಅಂದ. "ಏನೂ ಆಗಿಲ್ಲ. ಚೆನ್ನಾಗಿದೆ."

"ಮತ್ತೆ?"

ಈ ಪ್ರಶ್ನೆಗೆ ಉತ್ತರ ಹೇಳದೆ ತಪ್ಪಿಸಿಕೊಳ್ಳಲೆಂದೇ ಅವನು ಇಷ್ಟು ಜನರ ಫೋನು ನೋಡಿದ್ದು.

"ನಿಮ್ಮ ಜೊತೆ ಮಾತಾಡೋಣ ಅಂತ ಬಂದೆ. ಬೇರೆ ಏನೂ ಕೆಲಸ ಇಲ್ಲ," ಅಂದ.

ಅವಳು ಎದುರಿನ ಗಡಿಯಾರ ನೋಡಿ ಮೈಕು ಹಾಕಿ, ಯಾವುದೋ ಊರಿನ ಬಸ್ಸು ಎಲ್ಲಿ ನಿಂತಿದೆಯೆಂದು ಎರಡು ಸಲ ಹೇಳಿದಳು. ಮೈಕು ಆರಿಸಿದಳು. ಅವನು ಇನ್ನೂ ಅಲ್ಲೇ ನಿಂತಿದ್ದ.

"ನನ್ನ ಪಾಳಿ ಇನ್ನೇನು ಮುಗಿಯತ್ತೆ," ಅಂದಳು. "ಆಮೇಲೆ ನನ್ನ ಹತ್ರ ಮಾತು ಉಳಿದಿರಲ್ಲ. ಯಾರ ಹತ್ರಾನೂ ಮಾತಾಡಲ್ಲ ನಾನು. ನಿಜ ಹೇಳ್ತಿದೀನಿ."

"ಬೇಡ, ಮಾತು ಬೇಡ."

"ಸುಮ್ನೆ ಕೂರಕ್ಕಾಗತ್ತಾ ನಿಮಗೆ?"

ವರ್ಷಗಟ್ಟಲೆ ಅದನ್ನೇ ಮಾಡಿದವನಿಗೆ ನಗು ಬಂತು. ಹೂಂ ಅಂದ.

ಪಾಳಿ ಮುಗಿದು ಇನ್ನೊಬ್ಬರು ಗೂಡಿಗೆ ಬಂದ ಮೇಲೆ ಅವಳು ಕೈಚೀಲ ಹಿಡಿದು ಹೊರಬಂದಳು. ತನ್ನ ಬಸ್ಸು ನಿಲ್ಲುವ ಕಡೆ ಹೋಗಿ ಕಬ್ಬಿಣದ ಕುರ್ಚಿಯ ಮೇಲೆ ಕೂತಳು. ಅವನು ಪಕ್ಕದ ಕುರ್ಚಿಯಲ್ಲಿ ಕೂತ. ಇಬ್ಬರೂ ಒಂದು ಮಾತನ್ನೂ ಆಡಲಿಲ್ಲ. ಜನ ಅವರ ಮುಂದೆ ಗಂಟುಮೂಟೆ ಎಳೆದುಕೊಂಡು ಓಡಾಡಿದರು. ಅವಳು ಚೀಲದಿಂದ ಕಿತ್ತಳೆ ತೆಗೆದು ಸುಲಿದು, ಅರ್ಧವನ್ನು ಅವನ ಕಡೆ ಚಾಚಿದಳು. ತಿಂದರು. ಸುಮ್ಮನಿರುವುದು ಅವನಿಗೆ ಹೊಸದಲ್ಲ, ಆದರೆ ಅವತ್ತು ಅದು ಎದೆಯ ಮೇಲೆ ಕೂರಲಿಲ್ಲ.

ಬಸ್ಸು ಬಂತು. ಅವಳು ಎದ್ದು, ಸಿಪ್ಪೆಯನ್ನು ಬುಟ್ಟಿಗೆ ಹಾಕಿ, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು. ದಿನವಿಡೀ ಮಾತಾಡಿ ಒಡೆದಿದ್ದ ಗಂಟಲಿನಿಂದ, ಅವನಿಗೊಬ್ಬನಿಗೆ ಕೇಳುವಷ್ಟೇ ಮೆಲ್ಲಗೆ ಹೇಳಿದಳು.

"ನಾಳೆ ನನಗೆ ರಜ. ನಾಡಿದ್ದು ಇರ್ತೀನಿ."